ಗಿಟಾರ್ ಪ್ರೊಸೆಸರ್‌ನ ಸದ್ದು ಒಡೆಯುವುದೇಕೆ?

ಪ್ರಶ್ನೆ: ಮಲ್ಟಿ-ಎಫೆಕ್ಟ್ಸ್ ಪ್ರೊಸೆಸರನ್ನು (ಗಿಟಾರಿನ ಸದ್ದಿಗೆ ಬಗೆಬಗೆಯ ಎಫೆಕ್ಟ್ ಸೇರಿಸುವ ಸಾಧನ) ಆಡಿಯೊ ಇಂಟರ್‌ಫೇಸ್‌ಗೆ (ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ) ಜೋಡಿಸಿ ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ. ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿದರೆ ಕಣಜ ಗುಂಯ್‌ಗುಟ್ಟಿದ ಹಾಗಿರುತ್ತದೆ, ಸದ್ದು ಒಡೆಯುತ್ತದೆ ಕೂಡ. ಏನು ಮಾಡಲಿ?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಒಡೆಯುವುದಕ್ಕೆ ಸಾಮಾನ್ಯವಾಗಿ ಕಾರಣ ಇಂಟರ್‌ಫೇಸಿನ ‘ಇನ್‌ಸ್ಟ್ರುಮೆಂಟ್’ ಸ್ವಿಚ್. ಅದು ಬೇಕಾಗುವುದು ಗಿಟಾರನ್ನೇ ನೇರವಾಗಿ ಸಿಕ್ಕಿಸಿದಾಗ. ಪ್ರೊಸೆಸರಿನ ಸಿಗ್ನಲ್ ಅದಕ್ಕಿಂತ ಬಲವಾಗಿರುತ್ತದೆ. ಸ್ವಿಚ್ಚನ್ನು ‘ಲೈನ್’ಗೆ ತನ್ನಿ, ಗೇನ್ (ಒಳಬರುವ ಸಿಗ್ನಲನ್ನು ಹಿಗ್ಗಿಸುವ ಗುಂಡಿ) ಪೂರ್ತಿ ಇಳಿಸಿ, ಜೋರಾಗಿ ನುಡಿಸುತ್ತಾ ಮೀಟರ್ -12 ಡಿಬಿ ಆಸುಪಾಸು ಮುಟ್ಟುವಷ್ಟು ಮಾತ್ರ ಏರಿಸಿ. 24 ಬಿಟ್ ರೆಕಾರ್ಡಿಂಗ್‌ಗೆ ಅಷ್ಟು ಧಾರಾಳವಾಯಿತು.

ಕಣಜದ ಸದ್ದಿಗೆ ಮದ್ದು ಕ್ಯಾಬಿನೆಟ್ ಸಿಮ್ಯುಲೇಷನ್, ಅಂದರೆ ಆಂಪ್ಲಿಫೈಯರಿನ (ಆಂಪ್) ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ ಸೌಲಭ್ಯ; ಚಿಕ್ಕದಾಗಿ ‘ಕ್ಯಾಬ್’. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಬಹುಪಾಲು ನುಂಗಿಬಿಡುತ್ತದೆ. ನೇರ ಜೋಡಣೆಯಲ್ಲಿ ಆ ಸ್ಪೀಕರೇ ಇಲ್ಲವಲ್ಲ! ಪ್ರೊಸೆಸರಿನ ಔಟ್‌ಪುಟ್ ಸೆಟ್ಟಿಂಗನ್ನು ‘ಆಂಪ್’ನಿಂದ ‘ಲೈನ್’ಗೆ ಬದಲಿಸಿ, ಕ್ಯಾಬ್ ಆನ್ ಮಾಡಿ. ಕಂಪ್ಯೂಟರಿನ ಪ್ಲಗಿನ್‌ನಲ್ಲೂ (ರೆಕಾರ್ಡಿಂಗ್ ತಂತ್ರಾಂಶಕ್ಕೆ ಸೇರಿಸುವ ಎಫೆಕ್ಟ್) ಕ್ಯಾಬ್ ಇದ್ದರೆ ಒಂದನ್ನು ತೆಗೆಯಿರಿ. ಎರಡೂ ಸೇರಿದರೆ ಸದ್ದು ಮಂಕಾಗುತ್ತದೆ.

ಸ್ಟೀರಿಯೊ ಡಿಲೇ, ಕೋರಸ್ ಬೇಕಿದ್ದರಷ್ಟೇ ಎರಡು ಕೇಬಲ್; ಇಲ್ಲವಾದರೆ ‘ಎಲ್/ಮೋನೊ’ ಒಂದೇ ಸಾಕು. ಮಿಕ್ಸರ್ ಬಳಸುವವರು ಕಾಲಿಂಚಿನ ಲೈನ್ ಇನ್‌ಪುಟ್‌ಗೇ ಕೊಡಿ, 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್‌ಗೆ ಕೇಬಲ್ ಮೂಲಕ ಕೊಡುವ ವಿದ್ಯುತ್) ಆಫ್ ಇರಲಿ. ಪ್ರೊಸೆಸರಿನಲ್ಲೇ ಯುಎಸ್‌ಬಿ ಆಡಿಯೊ ಇದ್ದರೆ ಮೊದಲು ಅದನ್ನೇ ಪ್ರಯತ್ನಿಸಿ.