ಎರಡು ವರ್ಷದ ಮೇಲೆ ಸ್ತನ ಮರುನಿರ್ಮಾಣ: ತಡವಾಯಿತೇ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಎಂದು ಎಡಸ್ತನವನ್ನು ಪೂರ್ತಿ ತೆಗೆದರು. ಕೀಮೋ, ರೇಡಿಯೇಷನ್ ಎಲ್ಲ ಮುಗಿದಿದೆ, ಈಗ ಕ್ಯಾನ್ಸರ್ ಮರಳದಂತೆ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ಬ್ರಾದೊಳಗೆ ಇಡುವ ಪ್ಯಾಡ್ ಬಗ್ಗಿದಾಗಲೆಲ್ಲ ಮೇಲಕ್ಕೆ ಸರಿಯುತ್ತದೆ. ಯಾರಾದರೂ ನೋಡಿಬಿಟ್ಟರೆ ಎಂದು ಎದೆ ಹಿಡಿದುಕೊಂಡೇ ಏಳುತ್ತೇನೆ. ಸ್ತನವನ್ನು ಮತ್ತೆ ರೂಪಿಸಬಹುದು ಎಂದು ಓದಿದೆ. ಮನೆಯಲ್ಲಿ ಹೇಳಿದರೆ ‘ಜೀವ ಉಳಿದಿದೆಯಲ್ಲ, ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ’ ಅಂದರು. ತಡವಾಯಿತೇ? ನಾನು ಆಸೆಪಡುವುದೇ ತಪ್ಪೇ?
— ಹೆಸರು ಬೇಡ

ಉತ್ತರ: ತಡವಾಗಿಲ್ಲ. ಎರಡು ವರ್ಷ ಬಿಡಿ, ಹತ್ತು ವರ್ಷ ಕಳೆದ ಮೇಲೆ ಬಂದವರಿಗೂ ಈ ಆಪರೇಷನ್ ಮಾಡಿದ್ದೇನೆ. 46 ಇದಕ್ಕೆ ದೊಡ್ಡ ವಯಸ್ಸೇನಲ್ಲ. ನಾವು ಹೆಚ್ಚು ಯೋಚಿಸುವುದು ಸಕ್ಕರೆ ಕಾಯಿಲೆ, ತೂಕ, ಧೂಮಪಾನ, ಹಿಂದೆ ಹೊಟ್ಟೆಗೆ ಆದ ಆಪರೇಷನ್ ಇಂಥವುಗಳ ಬಗ್ಗೆ.

‘ಜೀವ ಉಳಿದಿದೆಯಲ್ಲ’ ಎಂಬ ಮಾತನ್ನು ಕೇಳಿಸಿಕೊಂಡೇ ನನ್ನ ಬಳಿ ಬರುವ ಹೆಂಗಸರು ಬಹಳ. ಹೇಳಿದವರ ಮೇಲೆ ಕೋಪ ಬೇಡ. ನಿಮ್ಮನ್ನು ಕಳೆದುಕೊಳ್ಳುವ ಭಯವನ್ನು ಒಮ್ಮೆ ಕಂಡವರು ಅವರು, ಆಪರೇಷನ್ ಎಂದರೇ ಬೆಚ್ಚುತ್ತಾರೆ. ಆದರೆ ದಿನಕ್ಕೆ ಎಷ್ಟೋ ಸಲ ಎದೆ ಹಿಡಿದುಕೊಂಡು ಏಳುತ್ತಿರುವವರು ನೀವು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಹೋದದ್ದನ್ನು ತುಂಬಿಕೊಡುವುದೂ ಚಿಕಿತ್ಸೆಯ ಭಾಗವೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅದನ್ನು ಸಿಂಗಾರದ ಆಸೆ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. 1895ರಷ್ಟು ಹಿಂದೆಯೇ ಜರ್ಮನಿಯ ವಿನ್ಸೆಂಜ್ ಚೆರ್ನಿ ಎಂಬ ಸರ್ಜನ್, ಒಬ್ಬಾಕೆಯ ಸ್ತನ ತೆಗೆದ ಜಾಗಕ್ಕೆ ಅವಳದೇ ಸೊಂಟದ ಬಳಿಯಿದ್ದ ಕೊಬ್ಬಿನ ಗಡ್ಡೆಯನ್ನು ತಂದು ಕೂರಿಸಿದ್ದ. ಅರಿವಳಿಕೆಯೇ ಅಪಾಯಕಾರಿಯಾಗಿದ್ದ ಕಾಲದಲ್ಲೂ ಈ ಆಸೆಗೆ ಬೆಲೆ ಕೊಟ್ಟವರಿದ್ದರು.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ರೇಡಿಯೇಷನ್ ಎಂಬ ಒಂದು ಪದ. ದಾರಿ ಯಾವುದೆಂದು ಬಹುಮಟ್ಟಿಗೆ ತೀರ್ಮಾನಿಸುವುದು ಅದೇ. ರೇಡಿಯೇಷನ್ ಆದ ಚರ್ಮ ಬಿಗಿಯಾಗುತ್ತದೆ, ರಕ್ತದ ಓಡಾಟ ಕಡಿಮೆಯಾಗುತ್ತದೆ, ಎಳೆದರೆ ಹಿಗ್ಗುವುದಿಲ್ಲ. ಅದರ ಕೆಳಗೆ ಸಿಲಿಕೋನ್ ಇಂಪ್ಲಾಂಟ್ (ಸ್ತನದ ಆಕಾರ ಕೊಡುವ ಕೃತಕ ಚೀಲ) ಇಟ್ಟರೆ, ದೇಹ ಅದರ ಸುತ್ತ ಕಟ್ಟಿಕೊಳ್ಳುವ ಪೊರೆ ದಪ್ಪಗಾಗಿ ಬಿಗಿದು, ಸ್ತನ ಗಟ್ಟಿಯಾಗಿ ನೋಯುವ ಸಾಧ್ಯತೆ ಹೆಚ್ಚು. ಸೋಂಕಾಗುವ, ಗಾಯ ಮಾಯದೆ ಇಂಪ್ಲಾಂಟನ್ನೇ ತೆಗೆಯಬೇಕಾಗುವ ಸಂಭವವೂ ಹೆಚ್ಚು. ಅದಕ್ಕೇ ನಿಮ್ಮಂಥವರಿಗೆ ಸಾಮಾನ್ಯವಾಗಿ ನಾನು ಹೇಳುವುದು ನಿಮ್ಮದೇ ಮೈಯ ಚರ್ಮ ಮತ್ತು ಕೊಬ್ಬಿನಿಂದ ಸ್ತನ ರೂಪಿಸುವ ದಾರಿಯನ್ನು. ರೇಡಿಯೇಷನ್ ಮುಗಿದ ಮೇಲೆ ಚರ್ಮ ಸುಧಾರಿಸಿಕೊಳ್ಳಲು ಕನಿಷ್ಠ ಆರು ತಿಂಗಳು ಕಾಯುತ್ತೇವೆ. ನಿಮಗೆ ಆ ಸಮಯ ಕಳೆದುಹೋಗಿದೆ.

ಕೆಳಹೊಟ್ಟೆಯಲ್ಲಿ ಸಾಕಷ್ಟು ಕೊಬ್ಬಿದ್ದರೆ ‘ಡೀಪ್ ಫ್ಲಾಪ್’ ಎಂಬ ಆಪರೇಷನ್ ಇದೆ. ಹೊಕ್ಕುಳ ಕೆಳಗಿನ ಚರ್ಮ ಮತ್ತು ಕೊಬ್ಬನ್ನು ಅದರ ರಕ್ತನಾಳದ ಸಮೇತ ಬಿಡಿಸಿ ಎದೆಗೆ ತರುತ್ತೇವೆ, ಹೊಟ್ಟೆಯ ಸ್ನಾಯು ಅಲ್ಲೇ ಉಳಿಯುತ್ತದೆ. 1980ರ ದಶಕದಿಂದ ಬಳಕೆಗೆ ಬಂದ ‘ಟ್ರಾಮ್’ ವಿಧಾನದಲ್ಲಿ ಸ್ನಾಯುವೂ ಜೊತೆಗೆ ಬರುತ್ತಿದ್ದುದರಿಂದ ಮುಂದೆ ಹೊಟ್ಟೆ ಸಡಿಲವಾಗಿ ಉಬ್ಬುವ, ಹರ್ನಿಯಾ ಆಗುವ ಭಯ ಹೆಚ್ಚಿತ್ತು. ಕಷ್ಟದ ಕೆಲಸ ಇರುವುದು ಎದೆಯಲ್ಲಿ. ಪಕ್ಕೆಲುಬಿನ ಹಿಂದೆ ಓಡುವ ಎರಡು ಮೂರು ಮಿಲಿಮೀಟರ್ ಅಗಲದ ರಕ್ತನಾಳಕ್ಕೆ ಹೊಟ್ಟೆಯಿಂದ ತಂದ ನಾಳವನ್ನು ಮೈಕ್ರೋಸ್ಕೋಪಿನ ಕೆಳಗೆ, ಕೂದಲಿಗಿಂತ ತೆಳ್ಳಗಿನ ದಾರದಿಂದ ಹೊಲಿಯಬೇಕು. ಹೊಲಿಗೆ ಮುಗಿದು ಕ್ಲಾಂಪ್ ಬಿಚ್ಚಿದಾಗ, ಅಷ್ಟು ಹೊತ್ತು ಬಿಳಿಚಿಕೊಂಡಿದ್ದ ಚರ್ಮದ ಅಂಚು ಮೆಲ್ಲಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಎಷ್ಟು ವರ್ಷ ಮಾಡಿದರೂ ಆ ಗಳಿಗೆಗೆ ಥಿಯೇಟರಿನಲ್ಲಿರುವ ನಾವೆಲ್ಲ ಕಾಯುತ್ತೇವೆ.

ಇದು ಆರರಿಂದ ಎಂಟು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುವ ಆಪರೇಷನ್. ಮೊದಲ ದಿನ ನರ್ಸ್ ಗಂಟೆಗೊಮ್ಮೆ ಬಂದು ಹೊಸ ಸ್ತನದ ಬಣ್ಣ, ಬಿಸಿ ನೋಡುತ್ತಾರೆ, ಡಾಪ್ಲರ್ ಇಟ್ಟು ರಕ್ತ ಹರಿಯುವ ಸದ್ದು ಕೇಳುತ್ತಾರೆ. ಆ ರಾತ್ರಿ ನಿದ್ದೆಯ ಆಸೆ ಬಿಡಿ. ನೂರರಲ್ಲಿ ಕೆಲವೇ ಮಂದಿಗೆ ನಾಳ ಕಟ್ಟಿಕೊಳ್ಳುತ್ತದೆ. ಬೇಗ ಗೊತ್ತಾದರೆ ಮತ್ತೆ ಥಿಯೇಟರಿಗೆ ಕರೆದೊಯ್ದು ಸರಿಮಾಡಬಹುದು, ಆಗದಿದ್ದರೆ ಹೊಟ್ಟೆಯಿಂದ ತಂದ ಆ ಭಾಗವನ್ನೇ (ಫ್ಲಾಪನ್ನು) ಕಳೆದುಕೊಳ್ಳಬೇಕಾಗುತ್ತದೆ. ಮೊದಲ ದಿನಗಳಲ್ಲಿ ಹೊಟ್ಟೆಯ ಹೊಲಿಗೆ ಎಳೆಯುವುದರಿಂದ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಸ್ವಲ್ಪ ಬಾಗಿಯೇ ನಡೆಯಬೇಕು. ಭಾರ ಎತ್ತುವ ಕೆಲಸಕ್ಕೆ ಮರಳಲು ಆರೆಂಟು ವಾರ ಬೇಕು. ಹೊಟ್ಟೆಯಲ್ಲಿ ಕೊಬ್ಬು ಸಾಲದಿದ್ದರೆ ಬೆನ್ನಿನ ಸ್ನಾಯು ಅಥವಾ ತೊಡೆಯ ಭಾಗದಿಂದಲೂ ಮಾಡಬಹುದು. ಅದನ್ನು ಪರೀಕ್ಷಿಸಿ ನೋಡಿದವರೇ ಹೇಳಬೇಕು.

ಟ್ಯಾಮಾಕ್ಸಿಫೆನ್ ಬಗ್ಗೆ ಸರ್ಜನ್‌ಗೆ ಮೊದಲ ಭೇಟಿಯಲ್ಲೇ ಹೇಳಿ. ಅದು ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುವುದರಿಂದ ಇಂಥ ಆಪರೇಷನ್ನಿಗೆ ಮುಂಚೆ ಕೆಲವು ವಾರ ನಿಲ್ಲಿಸುವುದುಂಟು. ಆದರೆ ಅದನ್ನು ತೀರ್ಮಾನಿಸಬೇಕಾದವರು ನಿಮ್ಮ ಕ್ಯಾನ್ಸರ್ ವೈದ್ಯರು ಮತ್ತು ಸರ್ಜನ್ ಸೇರಿ. ನೀವಾಗಿ ಒಂದು ಮಾತ್ರೆಯನ್ನೂ ಬಿಡಬೇಡಿ.

ಇನ್ನೊಂದು ಮಾತನ್ನು ಆಪರೇಷನ್ನಿಗೆ ಮುಂಚೆಯೇ ತಿಳಿದಿರಬೇಕು, ಏಕೆಂದರೆ ಆಮೇಲೆ ತಿಳಿದು ಅತ್ತವರನ್ನು ನೋಡಿದ್ದೇನೆ. ಹೊಸ ಸ್ತನ ನೋಡಲು ಸ್ತನವೇ, ಬೆಚ್ಚಗೂ ಮೆತ್ತಗೂ ಇರುತ್ತದೆ, ನೀವು ದಪ್ಪಗಾದರೆ ಅದೂ ದಪ್ಪಗಾಗುತ್ತದೆ. ಆದರೆ ಮುಟ್ಟಿದರೆ ನಿಮಗೆ ಗೊತ್ತಾಗುವುದು ಅತ್ಯಲ್ಪ. ಕೆಲವರಿಗೆ ತಿಂಗಳು, ವರ್ಷ ಕಳೆದಂತೆ ಅಂಚುಗಳಲ್ಲಿ ಸ್ಪರ್ಶ ಒಂದಿಷ್ಟು ಮರಳುತ್ತದೆ, ನರವನ್ನು ಜೋಡಿಸುವ ಪ್ರಯತ್ನಗಳೂ ನಡೆಯುತ್ತಿವೆ. ಹಿಂದಿನಂತೆ ಆಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಜೋಮು ಹಿಡಿದ ಈ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ. ಬೆನ್ನುನೋವಿಗೆಂದು ತಂದ ಬಿಸಿನೀರಿನ ಚೀಲ ನಿದ್ದೆಯಲ್ಲಿ ಎದೆಗೆ ತಾಗಿ ಬೊಬ್ಬೆ ಎದ್ದದ್ದು ಬೆಳಿಗ್ಗೆ ಬಟ್ಟೆ ಬದಲಾಯಿಸುವಾಗಷ್ಟೇ ಕಂಡಿತು ಎಂದು ಒಬ್ಬರು ಬಂದಿದ್ದರು. ಬಿಸಿಚೀಲ, ಹೀಟಿಂಗ್ ಪ್ಯಾಡ್ ಎದೆಯ ಹತ್ತಿರ ಸುಳಿಯಲೇಬಾರದು.

ಒಂದೇ ಆಪರೇಷನ್ನಿನಲ್ಲಿ ಎಲ್ಲ ಮುಗಿಯುವುದೂ ಅಪರೂಪ. ಬಲಸ್ತನಕ್ಕೆ ಸರಿಹೊಂದಿಸಲು ಅದನ್ನು ಸ್ವಲ್ಪ ಎತ್ತಬೇಕಾಗಬಹುದು, ಕೊಬ್ಬು ತುಂಬಬೇಕಾಗಬಹುದು. ಮೊಲೆತೊಟ್ಟನ್ನು ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಅಲ್ಲಿಯದೇ ಚರ್ಮ ಮಡಚಿ ರೂಪಿಸಿ, ಸುತ್ತಲಿನ ಬಣ್ಣಕ್ಕೆ ಹಚ್ಚೆ ಹಾಕುತ್ತೇವೆ. ಹಚ್ಚೆಯೊಂದೇ ಸಾಕು ಎನ್ನುವವರೂ ಇದ್ದಾರೆ, ಈಗಿನ ಹಚ್ಚೆಯಲ್ಲಿ ನೆರಳು-ಬೆಳಕು ಮೂಡಿಸಿ ಉಬ್ಬಿದಂತೆಯೇ ಕಾಣಿಸುತ್ತಾರೆ. ಇಷ್ಟನ್ನೂ ತಿಳಿದ ಮೇಲೆ ಮನಸ್ಸು ಬೇಕು ಎಂದರೆ ಪ್ಲಾಸ್ಟಿಕ್ ಸರ್ಜನ್‌ರನ್ನು ಕಾಣಿ. ಹೋಗುವಾಗ ‘ಯಾಕೆ’ ಎಂದವರನ್ನೂ ಕರೆದುಕೊಂಡು ಹೋಗಿ. ರೇಡಿಯೇಷನ್ ಆದವರಿಗೆ ಅವರು ಮಾಡಿದ ಆಪರೇಷನ್‌ಗಳ ಫೋಟೊ ತೋರಿಸಲು ಕೇಳಿ, ಚೆನ್ನಾಗಿ ಬಂದವನ್ನು ಮಾತ್ರವಲ್ಲ, ಸಾಧಾರಣವಾಗಿ ಬಂದವನ್ನೂ.

ಪ್ರಶ್ನೆ: ಮೇಡಂ, ನನಗೆ ಸ್ತನ ತೆಗೆದು ಸಿಲಿಕೋನ್ ಇಂಪ್ಲಾಂಟ್ ಹಾಕಿ ಐದು ವರ್ಷ. ಇಂಪ್ಲಾಂಟಿನಿಂದಲೇ ಕ್ಯಾನ್ಸರ್ ಬರುತ್ತದೆ ಎಂದು ಕೇಳಿ ನಿದ್ದೆ ಇಲ್ಲ. ತೆಗೆಸಿಬಿಡಲೇ? ಹಳೆಯ ಕ್ಯಾನ್ಸರ್ ಮರಳಿದರೆ ಅದು ಇದರ ಹಿಂದೆ ಅಡಗಿಕೊಳ್ಳುವುದಿಲ್ಲವೇ?
— ಆತಂಕದಲ್ಲಿರುವ ಓದುಗಳು

ಉತ್ತರ: ನೀವು ಕೇಳಿದ ಸುದ್ದಿಯಲ್ಲಿ ನಿಜವಿದೆ, ಆದರೆ ಅದು ಸ್ತನ ಕ್ಯಾನ್ಸರ್ ಅಲ್ಲ. ಇಂಪ್ಲಾಂಟಿನ ಸುತ್ತಲಿನ ಪೊರೆಯಲ್ಲಿ ಹುಟ್ಟುವ ಬಹಳ ಅಪರೂಪದ ಒಂದು ಬಗೆಯ ಲಿಂಫೋಮಾ, ಅಂದರೆ ರೋಗನಿರೋಧಕ ಕಣಗಳ ಕ್ಯಾನ್ಸರ್. ಮುಖ್ಯವಾಗಿ ತರಿತರಿ ಮೇಲ್ಮೈಯ ಇಂಪ್ಲಾಂಟ್‌ಗಳಲ್ಲಿ ಕಂಡುಬಂದದ್ದರಿಂದ 2019ರಲ್ಲಿ ಅಂಥ ಒಂದು ಬಗೆಯನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ತೊಂದರೆಯೇನೂ ಇಲ್ಲದವರು ಬರೀ ಹೆದರಿ ತೆಗೆಸಿಕೊಳ್ಳಬೇಕು ಎಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಆಗಲೂ ಹೇಳಲಿಲ್ಲ. ಆಪರೇಷನ್ ದಿನ ಕೊಟ್ಟ ಇಂಪ್ಲಾಂಟ್ ಕಾರ್ಡ್ ಹುಡುಕಿ ನೋಡಿ, ಯಾವ ಬಗೆಯದು ಎಂದು ಅದರಲ್ಲಿರುತ್ತದೆ. ಆಪರೇಷನ್ ಆಗಿ ವರ್ಷಗಳ ಮೇಲೆ ಆ ಭಾಗ ಇದ್ದಕ್ಕಿದ್ದಂತೆ ಊದಿಕೊಂಡರೆ, ಗಂಟು ಕಂಡರೆ ಮಾತ್ರ ತಡಮಾಡದೆ ತೋರಿಸಿ.

ಮರಳುವ ಕ್ಯಾನ್ಸರನ್ನು ಇಂಪ್ಲಾಂಟ್ ಹೆಚ್ಚಿಸುವುದೂ ಇಲ್ಲ, ಸಾಮಾನ್ಯವಾಗಿ ಅಡಗಿಸುವುದೂ ಇಲ್ಲ. ಮರಳಿದರೆ ಹೆಚ್ಚಾಗಿ ಚರ್ಮದ ಕೆಳಗೆ, ಇಂಪ್ಲಾಂಟಿನ ಮುಂದೆ ಕೈಗೆ ಸಿಗುತ್ತದೆ. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವಲ್ಲ ಎಂಬುದೂ ನೆನಪಿರಲಿ. ಸದ್ದಿಲ್ಲದೆ ಒಡೆದಿದೆಯೇ ಎಂದು ನೋಡಲು ಐದಾರು ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಬುದು ಎಫ್‌ಡಿಎ ಸಲಹೆ. ನಿಮಗೆ ಈಗ ಆ ಹೊತ್ತು ಬಂದಿದೆ. ಇನ್ನೊಂದು ಸ್ತನದ ಮ್ಯಾಮೊಗ್ರಾಂ ತಪ್ಪಿಸಬೇಡಿ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಹೆಂಡತಿಗೆ ಸ್ತನ ತೆಗೆಯುವ ಆಪರೇಷನ್. ಜೊತೆಗೇ ಮರುನಿರ್ಮಾಣ ಮಾಡಬಹುದು ಎಂದು ಡಾಕ್ಟರ್ ಹೇಳಿದರೂ ಇವಳು ‘ಚಪ್ಪಟೆಯೇ ಇರಲಿ’ ಅನ್ನುತ್ತಾಳೆ. ಹೇಗೆ ಒಪ್ಪಿಸಲಿ?
— ಒಬ್ಬ ಗಂಡ

ಉತ್ತರ: ಒಪ್ಪಿಸಬೇಡಿ. ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಮೈ ಅವರದು. ಚಪ್ಪಟೆಯಾಗಿರುವುದೂ ಒಂದು ಪೂರ್ಣವಾದ ಆಯ್ಕೆ. ಆಪರೇಷನ್ ಒಂದಕ್ಕೇ ಮುಗಿಯುತ್ತದೆ, ಬೇಗ ಚೇತರಿಸಿಕೊಳ್ಳುತ್ತಾರೆ, ಮುಂದೆ ಮನಸ್ಸು ಬದಲಾದರೆ ಮೊದಲ ಪತ್ರದವರಂತೆ ಆಗಲೂ ಮಾಡಿಸಬಹುದು. ಅವರು ಸರ್ಜನ್‌ಗೆ ಮುಂಚೆಯೇ ಸ್ಪಷ್ಟವಾಗಿ ಹೇಳಬೇಕಾದದ್ದು ಒಂದಿದೆ: ‘ಮುಂದೆ ಬೇಕಾದೀತು ಎಂದು ಹೆಚ್ಚಿನ ಚರ್ಮ ಬಿಡಬೇಡಿ, ಮಡಿಕೆಯಿಲ್ಲದೆ ಸಪಾಟಾಗಿ ಹೊಲಿಯಿರಿ.’ ಹೇಳದಿದ್ದರೆ ಕಂಕುಳ ಬಳಿ ಚರ್ಮ ಜೋತು ಉಳಿಯುವುದುಂಟು, ಆಮೇಲೆ ಬ್ರಾ ಅಲ್ಲಿ ಉಜ್ಜುತ್ತದೆ.

ನೀವು ಮಾಡಬಹುದಾದದ್ದು ಬೇಕಾದಷ್ಟಿದೆ. ಮನೆಗೆ ಬರುವಾಗ ಎದೆಯ ಪಕ್ಕದಲ್ಲಿ ಡ್ರೈನ್ ಕೊಳವೆ, ತುದಿಯಲ್ಲಿ ಪುಟ್ಟ ಬಾಟಲಿ ಇರುತ್ತದೆ. ಅದನ್ನು ಖಾಲಿ ಮಾಡಿ, ಮತ್ತೆ ಒತ್ತಿ ಮುಚ್ಚುವುದನ್ನು ನರ್ಸ್ ಬಳಿ ಡಿಸ್ಚಾರ್ಜ್‌ಗೆ ಮುಂಚೆಯೇ ಕಲಿತುಕೊಳ್ಳಿ. ದಿನಕ್ಕೆ ಎಷ್ಟು ಮಿಲಿಲೀಟರ್ ಬಂತು, ಬಣ್ಣ ಹೇಗಿತ್ತು ಎಂದು ಬರೆದಿಡಿ. ಸಾಮಾನ್ಯವಾಗಿ ದಿನಕ್ಕೆ 30 ಮಿಲಿಲೀಟರಿಗಿಂತ ಕಡಿಮೆಯಾದ ಮೇಲೆ ಅದನ್ನು ತೆಗೆಯುತ್ತಾರೆ. ಇದ್ದಕ್ಕಿದ್ದಂತೆ ಕಡುಗೆಂಪು ರಕ್ತ ತುಂಬಿದರೆ, ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.