ನೀವು ಕೇಳಿದ್ದು: ಇಂಡೋನೇಷ್ಯಾ ಅಡುಗೆ, ನಮ್ಮ ಒಲೆಯ ಮೇಲೆ

ಹಿಂದಿನ ಸಂಚಿಕೆಯಲ್ಲಿ ನಾಸಿ ಗೊರೆಂಗ್ ಎಂಬ ಹುರಿದ ಅನ್ನ ಮಾಡುವ ಕ್ರಮ ಕೊಟ್ಟಿದ್ದೆವು. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳವು. ಸುತ್ತಿಬಳಸಿ ಎಲ್ಲರೂ ಕೇಳಿದ್ದು ಒಂದೇ: ಇಲ್ಲಿ ಸಿಗದ ಸಾಮಾನಿಗೆ ಬದಲಿ ಏನು? ಕೆಲವಕ್ಕೆ ಬದಲಿ ಉಂಟು, ಕೆಲವಕ್ಕೆ ಇಲ್ಲ. ಇಲ್ಲದ ಕಡೆ ಇಲ್ಲ ಎಂದೇ ಬರೆದಿದ್ದೇವೆ. ಅಳತೆಯ ಮಟ್ಟಿಗೆ ಕಪ್ ಎಂದರೆ 240 ಮಿ.ಲೀ., ದೊಡ್ಡ ಚಮಚ 15, ಸಣ್ಣ ಚಮಚ 5.

ಪ್ರ: ನೀವು ಬರೆದ ಹಾಗೇ ಸೋನಾ ಮಸೂರಿ ಅನ್ನದಲ್ಲಿ ನಾಸಿ ಗೊರೆಂಗ್ ಮಾಡಿದೆ. ಮುದ್ದೆಮುದ್ದೆ ಆಯಿತು, ಮಸಾಲೆ ಹಸಿ ವಾಸನೆ ಹೊಡೆಯಿತು. ಅಕ್ಕಿ ಬದಲಾಯಿಸಬೇಕೇ?
ಗೃಹಿಣಿ, ನಿಟುವಳ್ಳಿ, ದಾವಣಗೆರೆ

ಉ: ಅಕ್ಕಿಯದು ತಪ್ಪಿಲ್ಲ, ಸೋನಾ ಮಸೂರಿಯೇ ಸಾಕು. ಹಳೆ ಅಕ್ಕಿಯಾದರೆ ಇನ್ನೂ ಒಳ್ಳೆಯದು. ತಪ್ಪಿರುವುದು ನೀರಿನಲ್ಲಿ. ಸಾರಿಗೆ ಕಲಸುವ ಅನ್ನದ ಹದಕ್ಕೆ ಒಂದಕ್ಕೆ ಎರಡೂವರೆ ನೀರು ಹಾಕುವವರು ಇದಕ್ಕೆ ಒಂದಕ್ಕೆ ಒಂದೂವರೆ ಮಾತ್ರ ಹಾಕಬೇಕು. ಬೆಂದ ಅನ್ನವನ್ನು ಅಗಲ ತಟ್ಟೆಗೆ ಹರವಿ, ಹಬೆ ಹೋದ ಮೇಲೆ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಡಿ. ತಣ್ಣಗಾದ ಅನ್ನದ ಪಿಷ್ಟ ಬಿಗಿದುಕೊಂಡು ಅಗುಳು ಬಿಡಿಬಿಡಿಯಾಗುತ್ತದೆ. ರಾತ್ರಿ ಉಳಿದ ಅನ್ನವನ್ನು ಹೊರಗೇ ಇಟ್ಟು ಬೆಳಿಗ್ಗೆ ಹುರಿಯುವ ಅಭ್ಯಾಸ ಮಾತ್ರ ಬೇಡ. ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಂದ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು.

ಹಸಿ ವಾಸನೆಗೆ ಕಾರಣ ಮಿಕ್ಸಿಗೆ ಹಾಕಿದ ನೀರು. ಅಲ್ಲಿಯವರು ಹಸಿ ಮಸಾಲೆಗೆ ಬುಂಬು ಎನ್ನುತ್ತಾರೆ, ಅದನ್ನು ಅಗಲವಾದ ಕಲ್ಲಿನ ಮೇಲೆ ನೀರಿಲ್ಲದೆ ಅರೆಯುತ್ತಾರೆ. ನೀರು ಸೇರಿದರೆ ಮಸಾಲೆ ಎಣ್ಣೆಯಲ್ಲಿ ಹುರಿಯುವ ಬದಲು ಕುದಿಯುತ್ತದೆ, ಹಸಿ ವಾಸನೆ ಒಳಗೇ ಉಳಿಯುತ್ತದೆ. ಮಿಕ್ಸಿ ತಿರುಗದಿದ್ದರೆ ನೀರಿನ ಬದಲು ಒಗ್ಗರಣೆಗೆ ಇಟ್ಟ ಎಣ್ಣೆಯನ್ನೇ ಎರಡು ಚಮಚ ಹಾಕಿ. ಇದೊಂದು ಮಾತು ಕೆಳಗಿನ ಎಲ್ಲ ಅಡುಗೆಗೂ ಅನ್ವಯ.

ಇಬ್ಬರಿಗೆ: ತಣ್ಣನೆ ಅನ್ನ 3 ಕಪ್, ಸಾಂಬಾರ್ ಈರುಳ್ಳಿ 6, ಬೆಳ್ಳುಳ್ಳಿ 3 ಎಸಳು, ನೆನೆಸಿದ ಬ್ಯಾಡಗಿ ಮೆಣಸಿನಕಾಯಿ 3, ಗುಂಟೂರು 1. ತರಿತರಿಯಾಗಿ ಅರೆದು, 2 ದೊಡ್ಡ ಚಮಚ ಎಣ್ಣೆಯಲ್ಲಿ ನಡುವಣ ಉರಿಯ ಮೇಲೆ, ಎಣ್ಣೆ ಬಿಟ್ಟುಕೊಂಡು ಬಣ್ಣ ಗಾಢವಾಗುವವರೆಗೆ ಹುರಿಯಿರಿ, ನಾಲ್ಕೈದು ನಿಮಿಷವಾದರೂ ಬೇಕು. ಆಮೇಲೆ ಉರಿ ಪೂರ್ತಿ ಏರಿಸಿ ಅನ್ನ ಹಾಕಿ, ಸಿಹಿ ಸೋಯಾ ಸಾಸ್ 2 ದೊಡ್ಡ ಚಮಚ ಬಾಣಲೆಯ ಅಂಚಿಗೆ ಸುರಿದು ಕೆದಕಿ. ಬಿಸಿ ಕಬ್ಬಿಣಕ್ಕೆ ತಾಗಿದ ಸಾಸು ಸ್ವಲ್ಪ ಕರಿದು ಹೊಗೆಯ ಪರಿಮಳ ಬರುತ್ತದೆ. ನಾಲ್ಕು ಜನರಿಗೆ ಒಂದೇ ಸಲ ಮಾಡಲು ಹೋಗಬೇಡಿ. ಬಾಣಲೆ ತಣ್ಣಗಾಗಿ ಅನ್ನ ಬೇಯುತ್ತದೆ. ಕ್ಯಾಪ್ಸಿಕಂ, ಎಲೆಕೋಸು ತುಂಬಿದರೆ ಅದು ಗೋಬಿ ಗಾಡಿಯ ಫ್ರೈಡ್ ರೈಸ್. ಮೇಲೊಂದು ಕರಿದ ಮೊಟ್ಟೆ, ಬದಿಗೆ ಸೌತೆಕಾಯಿ, ಟೊಮೆಟೊ, ಹಪ್ಪಳದಂಥ ಕೆರುಪುಕ್ ಇದರ ಜೊತೆಗಾರರು. ಕೆರುಪುಕ್ ಮರಗೆಣಸಿನ ಹಿಟ್ಟಿನದು. ನಮ್ಮ ಸಬ್ಬಕ್ಕಿಯೂ ಅದೇ ಗೆಣಸಿನದಾದ್ದರಿಂದ ಸಬ್ಬಕ್ಕಿ ಸಂಡಿಗೆ ಸರಿಯಾದ ಬದಲಿ.

ಪ್ರ: ಸಿಹಿ ಸೋಯಾ ಸಾಸ್ ಮನೆಯಲ್ಲೇ ಮಾಡಿದೆ. ಮಾರನೆ ದಿನ ಬಾಟಲಿಯಲ್ಲಿ ಚಿಕ್ಕಿಯ ಹಾಗೆ ಗಟ್ಟಿಯಾಗಿತ್ತು, ಉಪ್ಪೂ ಹೆಚ್ಚು.
ವಿದ್ಯಾರ್ಥಿನಿ, ಹರಿಹರ

ಉ: ಬೆಲ್ಲದ ಪಾಕ ಎಳೆ ಬರುವವರೆಗೆ ಕಾಯಿಸಿದ್ದೀರಿ. ಕೆಚಾಪ್ ಮಾನಿಸ್ (ಈ ಸಿಹಿ ಸೋಯಾ ಸಾಸಿಗೆ ಅಲ್ಲಿಯ ಹೆಸರು) ಬಿಸಿಯಿದ್ದಾಗ ತೆಳ್ಳಗೇ ಇರಬೇಕು, ಆರಿದ ಮೇಲೆ ಜೇನಿನ ಹದಕ್ಕೆ ಬರುತ್ತದೆ. ಬೆಲ್ಲ 250 ಗ್ರಾಂ, ನೀರು ಅರ್ಧ ಕಪ್ ಕರಗಿಸಿ ಮೊದಲು ಸೋಸಿ (ಮರಳು ಇದ್ದೇ ಇರುತ್ತದೆ). ಇದಕ್ಕೆ ಸೋಯಾ ಸಾಸ್ 1 ಕಪ್, ಚಕ್ರಮೊಗ್ಗು 1, ಜಜ್ಜಿದ ಬೆಳ್ಳುಳ್ಳಿ 2 ಎಸಳು, ಶುಂಠಿ ಒಂದು ಬಿಲ್ಲೆ ಸೇರಿಸಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ. ಚಮಚದ ಹಿಂಬದಿಗೆ ತೆಳುವಾಗಿ ಅಂಟಿದ ಕೂಡಲೇ ಇಳಿಸಿ. ಈಗ ಗಟ್ಟಿಯಾಗಿರುವುದನ್ನು ಎಸೆಯಬೇಡಿ. ಕಾಲು ಕಪ್ ಬಿಸಿನೀರು ಹಾಕಿ ಮತ್ತೆ ಕರಗಿಸಿ, ಉಪ್ಪೂ ತಗ್ಗುತ್ತದೆ.

ಗೋಬಿ ಮಂಚೂರಿಗೆಂದು ಮಾರುವ ಅಗ್ಗದ ಕಪ್ಪು ಸಾಸಿನಲ್ಲಿ ಬಣ್ಣ ಮತ್ತು ಉಪ್ಪೇ ಹೆಚ್ಚು. ಸೋಯಾಬೀನ್ ಹುದುಗಿಸಿ ಮಾಡಿದ್ದೆಂದು ಚೀಟಿಯಲ್ಲಿ ಬರೆದಿರುವುದನ್ನು ಕೊಳ್ಳಿ. ಬೆಲ್ಲವೂ ಹಾಗೆಯೇ, ಹಳದಿ ಮಿರುಗುವುದಕ್ಕಿಂತ ಕಪ್ಪು ಬೆಲ್ಲ ರುಚಿ. ಜಾವಾದಲ್ಲಿ ಬಳಸುವುದು ತೆಂಗು ಅಥವಾ ಅರೆನ್ ಎಂಬ ತಾಳೆಜಾತಿಯ ಮರದ ರಸದ ಬೆಲ್ಲ. ತಾಟಿಬೆಲ್ಲ ಸಿಕ್ಕರೆ ಅರ್ಧ ಅದನ್ನು ಸೇರಿಸಿ.

ಪ್ರ: ಟೆಂಪೆ (ಬೂಷ್ಟು ಕಟ್ಟಿಸಿ ಮಾಡುವ ಸೋಯಾಬೀನ್ ಹಲಗೆ) ಎರಡು ಸಲ ಮಾಡಿದೆವು. ಡಿಸೆಂಬರಿನಲ್ಲಿ ಮಾಡಿದ್ದು ಬೂಷ್ಟೇ ಕಟ್ಟಲಿಲ್ಲ. ಏಪ್ರಿಲ್‌ನಲ್ಲಿ ಮಾಡಿದ್ದು ಲೋಳೆಯಾಗಿ ನಾರಿತು. ಹೆಪ್ಪು ತರಿಸುವುದು ದುಬಾರಿ, ದೋಸೆ ಹಿಟ್ಟನ್ನೇ ಹೆಪ್ಪಾಗಿ ಹಾಕಬಹುದೇ?
ದಂಪತಿ, ವಿದ್ಯಾನಗರ, ದಾವಣಗೆರೆ

ಉ: ಆಗುವುದಿಲ್ಲ. ದೋಸೆ ಹಿಟ್ಟನ್ನು ಹುಳಿ ಬರಿಸುವುದು ಬ್ಯಾಕ್ಟೀರಿಯಾ, ಯೀಸ್ಟು. ಟೆಂಪೆಯನ್ನು ಕಟ್ಟುವುದು ರೈಜೋಪಸ್ ಎಂಬ ಬೂಷ್ಟು. ಬೂಷ್ಟಿನ ಬಿಳಿ ಎಳೆಗಳೇ ಕಾಳನ್ನು ಹೊಲಿದಂತೆ ಒಂದುಗೂಡಿಸುತ್ತವೆ. ಈ ಹೆಪ್ಪಿಗೆ ಬದಲಿ ಇಲ್ಲ. ಆದರೆ ಅರ್ಧ ಕಿಲೋ ಕಾಳಿಗೆ ಒಂದು ಸಣ್ಣ ಚಮಚ ಸಾಕು (ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ), ಉಳಿದದ್ದನ್ನು ಫ್ರಿಜ್ಜಿನಲ್ಲಿಡಬಹುದು.

ಸೋಯಾಬೀನ್ 500 ಗ್ರಾಂ 12 ಗಂಟೆ ನೆನೆಸಿ, ಹಿದುಕಿದ ಅವರೆಯ ಹಾಗೆ ತಿಕ್ಕಿ ಸಿಪ್ಪೆ ಬಿಡಿಸಿ, ನೀರಿನಲ್ಲಿ ತೇಲಿಸಿ ಚೆಲ್ಲಿ. ಸಿಪ್ಪೆ ಉಳಿದ ಕಾಳಿಗೆ ಬೂಷ್ಟು ಹಿಡಿಯದು. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಕಚ್ಚಿದರೆ ಮೆತ್ತಗಿರಬೇಕು, ಹಿಸುಕಿದರೆ ಹಿಟ್ಟಾಗಬಾರದು. ಕುಕ್ಕರಿನಲ್ಲಿ ಸೋಯಾ ನೊರೆ ಉಕ್ಕಿ ಸೀಟಿ ಕಟ್ಟಿಕೊಳ್ಳುತ್ತದೆ, ಬೇಡ. ಇಳಿಸುವ ಮೊದಲು 2 ದೊಡ್ಡ ಚಮಚ ವಿನೆಗರ್ ಹಾಕಿ. ಹುಳಿ ಇದ್ದರೆ ಕೆಡಿಸುವ ಬ್ಯಾಕ್ಟೀರಿಯಾ ತಲೆ ಎತ್ತದು. ಬಸಿದು, ಹತ್ತಿ ಬಟ್ಟೆಯ ಮೇಲೆ ಹರವಿ ಫ್ಯಾನಿನಡಿ ಆರಿಸಿ. ಬಹಳ ಜನ ಸೋಲುವುದು ಇಲ್ಲಿ. ಕೈಗೆ ಒದ್ದೆ ತಾಗಿದರೆ ಇನ್ನೂ ಆರಿಲ್ಲ. ಮೈಶಾಖಕ್ಕಿಂತ ತಣ್ಣಗಾದ ಮೇಲೆ ಹೆಪ್ಪು ಬೆರೆಸಿ, ಸೂಜಿಯಿಂದ ಒಂದೊಂದು ಸೆಂಟಿಮೀಟರಿಗೆ ತೂತು ಹಾಕಿದ ಕವರಿಗೆ ಎರಡು ಬೆರಳು ದಪ್ಪ ತುಂಬಿ. ಬಾಳೆ ಎಲೆ ಇನ್ನೂ ಉತ್ತಮ, ಅದಕ್ಕೆ ತೂತೇ ಬೇಡ.

ನಿಮ್ಮ ಎರಡು ಸೋಲಿಗೂ ಕಾರಣ ಶಾಖ. ಬೂಷ್ಟಿಗೆ 30ರಿಂದ 32 ಡಿಗ್ರಿ ಹಿತ. ಡಿಸೆಂಬರಿನ ರಾತ್ರಿ ಅಷ್ಟಿರುವುದಿಲ್ಲ. ಮುಚ್ಚಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿ ಜೊತೆಗಿಟ್ಟು, ಐದಾರು ಗಂಟೆಗೊಮ್ಮೆ ನೀರು ಬದಲಿಸಿ. ಏಪ್ರಿಲ್‌ನಲ್ಲಿ ತೊಂದರೆ ತಿರುಗಾಮುರುಗಾ. ಹೆಪ್ಪು ಹಾಕಿದ 12 ಗಂಟೆಯ ಮೇಲೆ ಬೂಷ್ಟು ತಾನೇ ಶಾಖ ಹುಟ್ಟಿಸುತ್ತದೆ. ಕೋಣೆಯೇ 36 ಡಿಗ್ರಿ ಇದ್ದರೆ ಒಳಗೆ 40 ದಾಟಿ ಬೂಷ್ಟು ಸೊರಗುತ್ತದೆ, ಬ್ಯಾಕ್ಟೀರಿಯಾ ಮೇಲುಗೈ. ಬೇಸಿಗೆಯಲ್ಲಿ ಒಂದೇ ಬೆರಳು ದಪ್ಪ ಮಾಡಿ, ಒಂದರ ಮೇಲೊಂದು ಪೇರಿಸದೆ, ಜಾಲರಿಯ ಮೇಲೆ ತಂಪು ನೆಲದ ಹತ್ತಿರ ಇಡಿ.

ಒಂದೂವರೆ ದಿನದೊಳಗೆ ಬಿಳಿ ಹಲಗೆಯಂತಾಗಿ, ಅಣಬೆಯ ವಾಸನೆ ಬಂದರೆ ಗೆದ್ದಿರಿ. ತೂತಿನ ಸುತ್ತ ಬೂದು-ಕಪ್ಪು ಚುಕ್ಕೆ ಇದ್ದರೆ ಚಿಂತೆಯಿಲ್ಲ, ಅದು ಬೂಷ್ಟಿನ ಬೀಜಕಣ. ಗುಲಾಬಿ, ಹಸಿರು ಬಣ್ಣ, ಲೋಳೆ ಅಥವಾ ಘಾಟು ವಾಸನೆ ಇದ್ದರೆ ಎಸೆಯಿರಿ. ಬೇಯಿಸದೆ ತಿನ್ನಬೇಡಿ.

ಒಂದು ಎಚ್ಚರಿಕೆ. ತೆಂಗಿನ ಹಿಂಡಿಯಿಂದ ಮಾಡುತ್ತಿದ್ದ ಟೆಂಪೆ ಬೊಂಕ್ರೆಕ್ ಎಂಬುದನ್ನು ತಿಂದು ಜಾವಾದಲ್ಲಿ ಅನೇಕರು ಸತ್ತರು. ಅಲ್ಲಿ 1988ರಲ್ಲಿ ಅದನ್ನು ನಿಷೇಧಿಸಿದರು. ಅದರಲ್ಲಿ ಹುಟ್ಟುವ ವಿಷ ಬೇಯಿಸಿದರೂ ಸಾಯದು. ಹಾಲು ಹಿಂಡಿದ ಕಾಯಿತುರಿ ವ್ಯರ್ಥವೇಕೆ ಎಂದು ಸೋಯಾಬೀನ್ ಜೊತೆ ಸೇರಿಸಬೇಡಿ. ಹುರಿದು ಚಟ್ನಿಪುಡಿಗೆ ಹಾಕಿ.

ಪ್ರ: ನಮ್ಮದು ಸಸ್ಯಾಹಾರಿ ಮನೆ. ತೆರಾಸಿ ಎಂಬ ಸೀಗಡಿ ಮುದ್ದೆ ಬಿಟ್ಟರೆ ರುಚಿ ಸಪ್ಪೆ ಅನ್ನುತ್ತಾರೆ. ಏನು ಮಾಡುವುದು?
ಓದುಗರು, ಹೊಳಲ್ಕೆರೆ

ಉ: ಜಾವಾದವರದೇ ಉಪಾಯವಿದೆ. ಚೆನ್ನಾಗಿ ಕಟ್ಟಿದ ಟೆಂಪೆಯನ್ನು ಇನ್ನೆರಡು ದಿನ ಬಿಟ್ಟರೆ ಕಂದು ತಿರುಗಿ ವಾಸನೆ ತೀಕ್ಷ್ಣವಾಗುತ್ತದೆ. ಅದಕ್ಕೆ ಟೆಂಪೆ ಸೆಮಾಂಗಿತ್ ಎಂದು ಹೆಸರು. ಮೊದಲೇ ಕೆಟ್ಟದ್ದು ಬೇರೆ, ಹಣ್ಣಾದದ್ದು ಬೇರೆ ಎಂಬುದು ನೆನಪಿರಲಿ. ಬೆರಳುದ್ದದ ತುಂಡನ್ನು ಬೇಯಿಸಿ ಮಸಾಲೆಯ ಜೊತೆ ಅರೆದರೆ ತೆರಾಸಿ ಕೊಡುವ ಆಳ ಬರುತ್ತದೆ. ಸೀಗಡಿ ತಿನ್ನುವವರು ಒಣ ಸೀಗಡಿ ಒಂದು ದೊಡ್ಡ ಚಮಚ ಹುರಿದು ಪುಡಿಮಾಡಿದರೆ ಸಾಕು.

ಪ್ರ: ಗಾಡೊ-ಗಾಡೊ ಎಂಬ ಬೆಂದ ತರಕಾರಿಯ ತಿನಿಸಿಗೆ ಶೇಂಗಾ ಸಾಸ್ ಮಾಡಿದರೆ ನಮ್ಮ ಶೇಂಗಾ ಚಟ್ನಿಯೇ ಆಗುತ್ತದೆ. ಕಾಯಿಸಿದರೆ ಎಣ್ಣೆ ಒಡೆದು ತರಿ ಬೇರೆ, ನೀರು ಬೇರೆ.
ಓದುಗಿ, ಚಳ್ಳಕೆರೆ

ಉ: ಶೇಂಗಾದ ಊರಲ್ಲೇ ಇದ್ದೀರಿ, ಅರ್ಧ ಕೆಲಸ ಮುಗಿದಂತೆ. 200 ಗ್ರಾಂ ಬೀಜವನ್ನು ಸಿಪ್ಪೆಸಮೇತ ಎಣ್ಣೆಯಲ್ಲಿ ಕರಿಯಿರಿ, ಬರೀ ಹುರಿದರೆ ಚಟ್ನಿಯ ರುಚಿ ಬರುತ್ತದೆ. ಮುರುಟಿದ, ಬಣ್ಣಗೆಟ್ಟ ಬೀಜ ಆರಿಸಿ ತೆಗೆಯಿರಿ. ಬೂಷ್ಟು ಹಿಡಿದ ಶೇಂಗಾದ ವಿಷ ಕರಿದರೆ ಹೋಗದು. ಬೆಳ್ಳುಳ್ಳಿ 3 ಎಸಳು, ಮೆಣಸಿನಕಾಯಿ 4 ಅದೇ ಎಣ್ಣೆಯಲ್ಲಿ ಬಾಡಿಸಿ. ಹಸಿ ಬೆಳ್ಳುಳ್ಳಿ ಹಾಕಿದ್ದರಿಂದಲೇ ನಿಮ್ಮದು ಚಟ್ನಿಯಾಯಿತು. ಬೆಲ್ಲ 2 ದೊಡ್ಡ ಚಮಚ, ಹುಣಸೆ ರಸ 1 ದೊಡ್ಡ ಚಮಚ, ಉಪ್ಪು ಸೇರಿಸಿ ರುಬ್ಬಿ, 300 ಮಿ.ಲೀ. ನೀರಿನಲ್ಲಿ ಎಂಟು ನಿಮಿಷ ಸಣ್ಣ ಉರಿಯ ಮೇಲೆ ಕಲಕಿ. ಇದನ್ನು ಬೇರೆಯಾಗಿಸುವುದು ಕೆನ್ಚುರ್ ಎಂಬ ಬೇರು, ಮಲಯಾಳಿಗಳ ಕಚ್ಚೋಲಂ. ಗ್ರಂಥಿಗೆ ಅಂಗಡಿಯಲ್ಲಿ ಒಣಗಿದ್ದು ಸಿಗುತ್ತದೆ. ಬರೀ ಕಚೋರ ಎಂದು ಕೇಳಿದರೆ ಬೇರೆ ಬೇರು ಕೊಡುವುದೂ ಉಂಟು, ಮೂಸಿ ನೋಡಿ: ಕರ್ಪೂರದ ಛಾಯೆ ಇರಬೇಕು. ಉಗುರಿನಷ್ಟು ಸಾಕು, ಜಾಸ್ತಿಯಾದರೆ ಕಷಾಯ.

ಒಡೆಯುವುದು ಉರಿ ಜೋರಾಗಿ ನೀರು ಇಂಗಿದಾಗ. ಬಿಸಿನೀರನ್ನು ಚಮಚ ಚಮಚವಾಗಿ ಹಾಕಿ ಬಡಿದರೆ ಮತ್ತೆ ಕೂಡುತ್ತದೆ. ಮೇಲೆ ಅಲ್ಲಲ್ಲಿ ಎಣ್ಣೆಯ ಚುಕ್ಕೆ ಕಂಡರೆ ಒಡೆದಿದೆ ಎಂದಲ್ಲ, ಹದ ಬಂದಿದೆ ಎಂದು. ಅಲಸಂದೆ ಕಾಯಿ 3 ನಿಮಿಷ, ಕೋಸು 1 ನಿಮಿಷ, ಹೆಸರುಕಾಳಿನ ಮೊಳಕೆ 20 ಸೆಕೆಂಡು ಕುದಿನೀರಿನಲ್ಲಿ ಅದ್ದಿ ತೆಗೆಯಿರಿ. ಬೆಂದ ಆಲೂಗಡ್ಡೆ, ಕರಿದ ಟೆಂಪೆ ಜೊತೆಗಿರಲಿ. ಸಾಸು ಸುರಿಯುವುದು ಊಟಕ್ಕೆ ಕೂತ ಮೇಲೆ.

ಪ್ರ: ರೆಂಡಾಂಗ್ ಕುರಿ ಮಾಂಸದಲ್ಲಿ ಆಗುತ್ತದೆಯೇ? ಕುಕ್ಕರಿನಲ್ಲಿ ಮಾಡಿದೆ, ಕುರ್ಮಾ ಆಯಿತು.
ಓದುಗರು, ಹಿರಿಯೂರು

ಉ: ಆಗುತ್ತದೆ. ಪಶ್ಚಿಮ ಸುಮಾತ್ರದ ಮಿನಾಂಗ್‌ಕಬೌ ಜನ ದನ, ಎಮ್ಮೆಯ ಮಾಂಸದಲ್ಲಿ ಮಾಡುವ ಈ ಅಡುಗೆಯ ಕೀಲಿ ಇರುವುದು ನೀರು ಆರುವುದರಲ್ಲಿ. ಕುಕ್ಕರ್ ನೀರನ್ನು ಹೊರಗೆ ಬಿಡುವುದಿಲ್ಲ, ಅಲ್ಲಿಗೆ ಮುಗಿಯಿತು.

ತೊಡೆ, ಭುಜದ ಮಾಂಸ 1 ಕಿಲೋ, ದೊಡ್ಡ ತುಂಡುಗಳು. ಬಲಿತ ಕಾಯಿ 3, ಮೊದಲ ಮತ್ತು ಎರಡನೆ ಹಾಲು ಸೇರಿ ಒಂದೂವರೆ ಲೀಟರ್. ಎಳೆಕಾಯಿ ಬೇಡ, ಎಣ್ಣೆ ಬಿಡದು. ಡಬ್ಬಿಯ ಹಾಲೂ ಬೇಡ, ಒಡೆಯದಿರಲೆಂದು ಅದಕ್ಕೆ ಬೆರೆಸಿದ ಪದಾರ್ಥ ಎಣ್ಣೆ ಬಿಡಲು ಅಡ್ಡಿ. ಅರೆಯಲು (ಎಲ್ಲ ಗ್ರಾಂ ಲೆಕ್ಕ) ಸಾಂಬಾರ್ ಈರುಳ್ಳಿ 200, ಬೆಳ್ಳುಳ್ಳಿ 30, ಶುಂಠಿ 25, ಶುಂಠಿಯ ಜಾತಿಯ ಲೆಂಗ್ಕುವಾಸ್ ಬೇರು 40, ಹಸಿ ಅರಿಶಿನ 15, ನೆನೆಸಿದ ಬ್ಯಾಡಗಿ 15, ಗುಂಟೂರು 5. ಇಡಿಯಾಗಿ ಹಾಕಲು ಜಜ್ಜಿದ ಮಜ್ಜಿಗೆ ಹುಲ್ಲಿನ ಬುಡ 3, ಅರಿಶಿನ ಎಲೆ 1, ನಿಂಬೆ ಎಲೆ 5. ಲೆಂಗ್ಕುವಾಸ್ ಸಿಗದಿದ್ದರೆ ಶುಂಠಿ ಹೆಚ್ಚಿಸಬೇಡಿ, ಅದು ಬೇರೆಯೇ ದಾರಿ ಹಿಡಿಯುತ್ತದೆ, ಬಿಟ್ಟುಬಿಡಿ. ಅಂಗಡಿಯ ಗರಂ ಮಸಾಲೆಯೂ ಬೇಡ.

ಅಗಲ ಬಾಣಲೆಯಲ್ಲಿ ಹಾಲು, ಮಸಾಲೆ, ಎಲೆ ಎಲ್ಲ ಒಟ್ಟಿಗೆ ಕುದಿಸಿ, ಕುದಿ ಬರುವವರೆಗೆ ಕೈಬಿಡದೆ ತಿರುವಿ. ಕುರಿ ಮಾಂಸ ಬೇಗ ಬೇಯುವುದರಿಂದ ಹಾಲು ಮುಕ್ಕಾಲು ಗಂಟೆ ಇಂಗಿದ ಮೇಲೆ ಮಾಂಸ ಹಾಕಿ, ಇಲ್ಲದಿದ್ದರೆ ಕೊನೆಗೆ ನಾರುನಾರಾಗಿ ಬಿಡಿಸಿಕೊಳ್ಳುತ್ತದೆ. ಇನ್ನೊಂದು ಗಂಟೆಗೆ ಗಟ್ಟಿ ಕಂದು ಗೊಜ್ಜಾಗಿ ಎಣ್ಣೆ ತೇಲುತ್ತದೆ. ಈ ಹಂತಕ್ಕೆ ಕಾಲಿಯೊ ಎನ್ನುತ್ತಾರೆ, ಬಹಳ ಜನ ಇಲ್ಲೇ ಇಳಿಸಿ ರೆಂಡಾಂಗ್ ಎಂದುಕೊಳ್ಳುತ್ತಾರೆ. ಉಪ್ಪು ಈಗ ಹಾಕಿ, ಮೊದಲೇ ಹಾಕಿದರೆ ಇಂಗಿದಾಗ ಬಾಯಿಗಿಡಲಾಗದು. ಉರಿ ಸಣ್ಣ ಮಾಡಿ, ಮೂರು ನಿಮಿಷಕ್ಕೊಮ್ಮೆ ತಳ ಕೆರೆದು ತಿರುವುತ್ತ ಇನ್ನೊಂದು ಗಂಟೆ. ಕಾಯಿ ಬಿಟ್ಟ ಎಣ್ಣೆಯಲ್ಲೇ ಮಾಂಸ ಹುರಿದು, ಮಸಾಲೆ ಒಣಗಿ ಕಾಫಿಪುಡಿ ಬಣ್ಣಕ್ಕೆ ತಿರುಗಬೇಕು. ತಳ ಹತ್ತಿದರೆ ಕೆರೆಯದೆ ಬೇರೆ ಬಾಣಲೆಗೆ ಬದಲಿಸಿ.

ಮಾಂಸ ಬೇಡದವರಿಗೆ ಎಳೆ ಹಲಸಿನಕಾಯಿಯ ರೆಂಡಾಂಗ್ ಅಲ್ಲಿಯೂ ಇದೆ. ಅದನ್ನು ಕೊನೆಯ 40 ನಿಮಿಷಕ್ಕೆ ಸೇರಿಸಿ.

ಪ್ರ: ದೌನ್ ಸಲಾಮ್ ಎಂದರೆ ಪಲಾವ್ ಎಲೆಯೇ?
ಓದುಗಿ, ಚಿತ್ರದುರ್ಗ

ಉ: ಅಲ್ಲ. ಅದು ನಮ್ಮ ನೇರಳೆಯ ಕುಲದ ಮರದ ಎಲೆ. ಪಲಾವ್ ಎಲೆ ದಾಲ್ಚಿನ್ನಿಯ ಬಳಗದ್ದು, ಹಾಕಿದರೆ ಬಿರಿಯಾನಿ ವಾಸನೆ. ಬಿಟ್ಟರೂ ನಡೆಯುತ್ತದೆ.

ಪ್ರ: ಕ್ಲೆಪೊನ್ ಎಂಬ ಸಿಹಿ ಉಂಡೆಯನ್ನು ಕಡುಬಿನ ಅಕ್ಕಿಹಿಟ್ಟಿನಲ್ಲಿ ಮಾಡಬಹುದೇ?
ಓದುಗಿ, ಚನ್ನಗಿರಿ

ಉ: ಕಡುಬಾಗುತ್ತದೆ, ಕ್ಲೆಪೊನ್ ಆಗುವುದಿಲ್ಲ. ಅದಕ್ಕೆ ಅಂಟಕ್ಕಿಯ ಹಿಟ್ಟೇ ಬೇಕು, ನಮ್ಮ ಅಕ್ಕಿಯಲ್ಲಿ ಆ ಎಳೆತನ ಬಾರದು. ಅಸ್ಸಾಮಿನ ಬೋರಾ ಅಕ್ಕಿ ಆನ್‌ಲೈನಿನಲ್ಲಿ ಸಿಗುತ್ತದೆ, ನೆನೆಸಿ ಆರಿಸಿ ಪುಡಿಮಾಡಿಸಿ. 200 ಗ್ರಾಂ ಹಿಟ್ಟಿಗೆ ಉಗುರು ಬೆಚ್ಚಗಿನ ನೀರು 150 ಮಿ.ಲೀ.ನಷ್ಟು ಸ್ವಲ್ಪಸ್ವಲ್ಪವಾಗಿ. ನೆಲ್ಲಿಕಾಯಿ ಗಾತ್ರದ ಉಂಡೆಯೊಳಗೆ ಕಡಲೆಕಾಳಿನಷ್ಟು ಬೆಲ್ಲದ ಚೂರಿಟ್ಟು ಬಿರುಕಿಲ್ಲದಂತೆ ಮುಚ್ಚಿ, ಕುದಿನೀರಿಗೆ ಬಿಡಿ. ತೇಲಿದ ಒಂದು ನಿಮಿಷಕ್ಕೆ ತೆಗೆದು, ಚಿಟಿಕೆ ಉಪ್ಪು ಬೆರೆಸಿ ಹಬೆಯಲ್ಲಿಟ್ಟ ಕಾಯಿತುರಿಯಲ್ಲಿ ಹೊರಳಿಸಿ. ಆರಿದ ಮೇಲೆ, ಇಡಿಯಾಗಿ ಬಾಯಿಗೆ ಹಾಕಿಕೊಳ್ಳಿ. ಅರ್ಧ ಕಚ್ಚಿದರೆ ಬೆಲ್ಲದ ಪಾಕ ಎದುರಿಗೆ ಕೂತವರ ಅಂಗಿಗೆ ಹಾರುತ್ತದೆ.