ಮಾವನ ಯಾಶಿಕಾ ಇಟ್ಕೊಳ್ಳೋದಾ, ರೋಲಿಕಾರ್ಡ್ ತಗೊಳ್ಳೋದಾ?

ಪ್ರಶ್ನೆ: ಸರ್ ನಮಸ್ಕಾರ. ನಮ್ಮ ಸೋದರಮಾವ ತರೀಕೆರೆಲಿ ಸ್ಟುಡಿಯೋ ಇಟ್ಟಿದ್ರು, ಅವರ ಯಾಶಿಕಾ ಮ್ಯಾಟ್ 124ಜಿ ಫಿಲಂ ಕ್ಯಾಮೆರಾ ಈಗ ನನ್ನ ಹತ್ರ ಇದೆ. ಒಬ್ಬ ಫ್ರೆಂಡು ಅದನ್ನ ಮಾರಿ ರೋಲಿಕಾರ್ಡ್ ತಗೋ ಅಂತಾನೆ, ಇನ್ನೊಬ್ಬ ಕಲಿಯೋಕೆ ರಷ್ಯಾದ ಲ್ಯೂಬಿಟೆಲ್ 2 ಸಾಕು ಅಂತಾನೆ. ಅಪರ್ಚರ್ (ಬೆಳಕು ಒಳಗೆ ಬಿಡೋ ತೂತು), ಶಟರ್ (ಬೆಳಕು ಎಷ್ಟು ಹೊತ್ತು ಬಿಡ್ಬೇಕು ಅನ್ನೋದು) ಸೆಟ್ ಮಾಡೋಕೆ ಯಾವ್ದು ಸುಲಭ? ಮೊದಲ್ನೇ ರೋಲಲ್ಲಿ ಹೊರಗೆ ತೆಗೆದಿದ್ದೆಲ್ಲ ಡಾರ್ಕ್, ಮನೆಯೊಳಗೆ ಫ್ಲ್ಯಾಶ್ ಹಾಕಿ ತೆಗೆದ 4 ಫ್ರೇಮ್ ಪೂರ್ತಿ ಖಾಲಿ.
– ಓದುಗ, ಚಿಕ್ಕಮಗಳೂರು

ಉತ್ತರ: ಮಾರ್ಬೇಡಿ ಮಾರಾಯ್ರೇ! ಆ ಕ್ಯಾಮೆರಾದ್ದು ಅಷ್ಟೇನೂ ತಪ್ಪಿಲ್ಲ.

ಈ ಎರಡು ಕಣ್ಣಿನ ಕ್ಯಾಮೆರಾನ ನಾವು ಹೊಟ್ಟೆ ಹತ್ರ ಹಿಡ್ಕೊಂಡು ಮೇಲಿಂದ ಬಗ್ಗಿ ನೋಡ್ತೀವಲ್ಲ, ಹಾಗಾಗಿ ಎಷ್ಟು ಸ್ಪೀಡ್ ಇದೆ ಅನ್ನೋದಕ್ಕಿಂತ ಇಟ್ಟಿರೋ ನಂಬರ್ ಮೇಲಿಂದಾನೇ ಕಾಣತ್ತಾ ಅನ್ನೋದೇ ದೊಡ್ಡದು. 124ಜಿಲಿ ಎರಡು ಲೆನ್ಸ್ ಮಧ್ಯೆ ಆ ಕಡೆ ಈ ಕಡೆ ಎರಡು ಚಕ್ರ, ಹೆಬ್ಬೆರಳಲ್ಲಿ ತಿರುಗಿಸಿದ್ರೆ ಮೇಲಿನ ಲೆನ್ಸ್ ತಲೆ ಮೇಲಿರೋ ಪುಟ್ಟ ಕಿಂಡಿಲಿ ಎರಡೂ ನಂಬರ್ ಬರತ್ತೆ. ಇದು ಜರ್ಮನಿಯ ರೋಲಿಫ್ಲೆಕ್ಸ್‌ನಿಂದ ಎತ್ಕೊಂಡ ಏರ್ಪಾಡೇ.

ರೋಲಿಕಾರ್ಡ್ ಅದೇ ಕಂಪನಿ 1933ರಲ್ಲಿ ಕಡಿಮೆ ಬೆಲೆಗೆ ಅಂತ ತಂದ ತಮ್ಮ, ಚಕ್ರದ ಬದಲು ಲೆನ್ಸ್ ಸುತ್ತ ಲಿವರ್‌ಗಳು. ಲೆನ್ಸ್ ಕೆಳಗಿರೋ ಒಂದೇ ಲಿವರ್‌ನ ಒಂದ್ಕಡೆ ತಳ್ಳಿದ್ರೆ ಶಟರ್ ಕಾಕ್ ಆಗತ್ತೆ (ಸ್ಪ್ರಿಂಗ್ ಬಿಗಿದು ರೆಡಿ ಆಗತ್ತೆ), ವಾಪಸ್ ಇನ್ನೊಂದ್ಕಡೆ ತಳ್ಳಿದ್ರೆ ಕ್ಲಿಕ್. 50ರ ದಶಕದ ಮಧ್ಯದಿಂದೀಚೆ ಬಂದ ಮಾಡೆಲ್‌ಗಳಲ್ಲಿ ಅಪರ್ಚರ್ರೂ ಶಟರ್ರೂ ಜೋಡಿಯಾಗಿರತ್ತೆ, ಇವಿ ನಂಬರ್ (ಎರಡೂ ಸೇರಿದ ಒಟ್ಟು ಎಕ್ಸ್‌ಪೋಷರ್‌ನ ಅಳತೆ) 15ಕ್ಕೆ ಇಟ್ರೆ 1/125ಕ್ಕೆ ಎಫ್ 16, 1/250ಕ್ಕೆ ಎಫ್ 11, 1/500ಕ್ಕೆ ಎಫ್ 8 ಅಂತ ಒಂದನ್ನ ಸರಿಸಿದ್ರೆ ಇನ್ನೊಂದು ತಾನಾಗೇ ಹಿಂದೆ ಬರತ್ತೆ. ಬೆಳಕು ಒಂದೇ ಥರ ಇದ್ದಾಗ ಮಜಾ, ಮೋಡ ಬಂದು ಹೋಗ್ತಾ ಇದ್ರೆ ತಲೆನೋವು. ನನಗಂತೂ ಸೇರಲ್ಲ.

ಲ್ಯೂಬಿಟೆಲ್ ಹಗುರ, ಆದ್ರೆ ಶಟರ್ 1/15ರಿಂದ 1/250 ಮಾತ್ರ. ನಂಬರ್ ನೋಡೋಕೆ ಕ್ಯಾಮೆರಾನ ಮುಖದ ಕಡೆ ತಿರುಗಿಸ್ಕೋಬೇಕು, ಕಾಕ್ ಮಾಡೋದು ಬೇರೆ, ಫಿಲಂ ಸುತ್ತೋದು ಬೇರೆ, ಸುತ್ತೋದು ಮರೆತ್ರೆ ಅದು ತಡೆಯೋದೂ ಇಲ್ಲ. ಹಾಗೇ ಒಂದರ ಮೇಲೊಂದು ಫೋಟೋ ಬಿದ್ದು, ನಮ್ಮಜ್ಜಿ ಮುಖದ ಮೇಲೆ ಬಾವಿಕಟ್ಟೆ ಬಂದಿರೋ ಒಂದು ನೆಗೆಟಿವ್ ಇನ್ನೂ ನನ್ನ ಹತ್ರ ಇದೆ.

ಈಗ ನಿಮ್ಮ ರೋಲ್ ವಿಷ್ಯ. ನಿಮ್ಮ ಯಾಶಿಕಾದೊಳಗಿನ ಬೆಳಕು ಅಳೆಯೋ ಮೀಟರ್ ಮಾಡಿದ್ದು 1.35 ವೋಲ್ಟ್‌ನ ಪಾದರಸದ ಸೆಲ್‌ಗೆ, ಅದು ಈಗ ಬರಲ್ಲ. ಅಂಗಡಿಯವ್ರು ಅದೇ ಸೈಜಿನ 1.5 ವೋಲ್ಟ್ ಆಲ್ಕಲೈನ್ ಕೊಟ್ಟಿರ್ತಾರೆ, ವೋಲ್ಟೇಜ್ ಜಾಸ್ತಿ ಆದ್ರೆ ಮುಳ್ಳು ಇರೋದಕ್ಕಿಂತ ಜಾಸ್ತಿ ಬೆಳಕು ತೋರ್ಸತ್ತೆ, ನೀವು ನಂಬಿ ಅಪರ್ಚರ್ ಮುಚ್ತೀರಿ, ಫೋಟೋ ಡಾರ್ಕ್. ಕಿವಿ ಮಷಿನ್‌ಗೆ ಹಾಕೋ 675 ನಂಬರ್ ಜಿಂಕ್-ಏರ್ ಸೆಲ್ 1.4 ವೋಲ್ಟ್, ಅದು ಹತ್ರ ಬರತ್ತೆ, ಸೈಜ್ ಚಿಕ್ಕದು, ಸುತ್ತ ಒಂದು ರಬ್ಬರ್ ರಿಂಗ್ ಕೊಟ್ಟು ಕೂರಿಸಿ. ಹಾಂ, ಮೇಲಿನ ಮುಚ್ಚಳ ತೆಗೆದ್ರೆ ಮೀಟರ್ ಆನ್, ಮುಚ್ಚಿದ್ರೆ ಆಫ್, ತೆಗೆದೇ ಇಟ್ರೆ ಸೆಲ್ ಸುಮ್ನೆ ಖಾಲಿ.

ಅದಾದ್ಮೇಲೂ ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ ಟೆಸ್ಟ್ ಮಾಡಿ. 400 ಐಎಸ್‌ಒ (ಬೆಳಕು ಹಿಡಿಯೋ ಶಕ್ತಿಯ ಅಳತೆ) ಫಿಲಂ ಹಾಕಿದ್ರೆ 1/500, ಎಫ್ 16ರ ಅಕ್ಕಪಕ್ಕ ತೋರಿಸ್ಬೇಕು. ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ದುಪ್ಪಟ್ಟು ಇಲ್ಲಾ ಅರ್ಧ) ಆಚೆ ಈಚೆ ಇದ್ರೆ ಮೀಟರ್ ಮರೆತುಬಿಡಿ, ಫೋನಲ್ಲಿ ಒಂದು ಲೈಟ್ ಮೀಟರ್ ಆ್ಯಪ್ ಹಾಕ್ಕೊಳ್ಳಿ. ಅನುಮಾನ ಬಂದ್ರೆ ಒಂದು ಸ್ಟಾಪ್ ಜಾಸ್ತಿನೇ ಕೊಡಿ, ನೆಗೆಟಿವ್ ಫಿಲಂ ಜಾಸ್ತಿ ಬೆಳಕು ತಡ್ಕೊಳ್ಳತ್ತೆ, ಕಮ್ಮಿ ಆದ್ರೆ ತಡ್ಕೊಳ್ಳಲ್ಲ.

ಆ 4 ಖಾಲಿ ಫ್ರೇಮ್? ಫ್ಲ್ಯಾಶ್ ವೈರ್ ಸಿಕ್ಕಿಸೋ ಜಾಗದ ಹತ್ರ ಎಂ, ಎಕ್ಸ್ ಅಂತ ಲಿವರ್ ಇದೆ, ನೀವು ತೆಗೆದಾಗ ಅದು ಎಂ ಮೇಲೆ ಇದ್ದಿರ್ಬೇಕು. ಎಂ ಅಂದ್ರೆ ಹಳೇ ಕಾಲದ, ಒಂದೇ ಸಲ ಉರಿದು ಹೋಗೋ ಬಲ್ಬ್‌ಗೆ. ಬಲ್ಬ್ ಕಾವೇರೋಕೆ ಟೈಮ್ ಬೇಕು ಅಂತ ಶಟರ್ ತೆಗೆಯೋ ಮೊದಲೇ ಅದಕ್ಕೆ ಕರೆಂಟ್ ಹೋಗತ್ತೆ. ಈಗಿನ ಫ್ಲ್ಯಾಶ್ ಅಷ್ಟರಲ್ಲಿ ಮಿಂಚಿ ಮುಗಿದಿರತ್ತೆ. ಎಕ್ಸ್‌ಗೆ ಇಡಿ, ಈ ಲೀಫ್ (ಲೆನ್ಸಲ್ಲೇ ಇರೋ ಎಲೆಯಂಥ ಬ್ಲೇಡ್‌ಗಳ) ಶಟರ್‌ಗೆ 1/500ರಲ್ಲೂ ಫ್ಲ್ಯಾಶ್ ಹಿಡಿಯತ್ತೆ.

ಪ್ರಶ್ನೆ: ನನ್ನ ಹಳೇ ರೋಲಿಫ್ಲೆಕ್ಸ್‌ನಲ್ಲಿ 1/500 ಕಡೆ ಡಯಲ್ ತಿರುಗಿಸೋಕೇ ಆಗಲ್ಲ, 1 ಸೆಕೆಂಡ್ ಇಟ್ರೆ ಮುಗಿಯೋದೇ ಇಲ್ಲ. ಕೆಟ್ಟಿದೆಯಾ?
– ಓದುಗಿ, ಧಾರವಾಡ

ಉತ್ತರ: ಮೊದಲ್ನೇದು ಕೆಟ್ಟಿದ್ದಲ್ಲ. 1/500ಕ್ಕೆ ಇನ್ನೊಂದು ಸ್ಪ್ರಿಂಗ್ ಸೇರ್ಕೊಳ್ಳತ್ತೆ, ಹಾಗಾಗಿ ಕ್ರ್ಯಾಂಕ್ (ಫಿಲಂ ಸುತ್ತಿ ಶಟರ್ ಕಾಕ್ ಮಾಡೋ ಹಿಡಿ) ತಿರುಗಿಸೋ ಮೊದಲೇ ಅಲ್ಲಿಗೆ ಇಡ್ಬೇಕು, ಆಮೇಲೆ ಒತ್ತಾಯ ಮಾಡ್ಬೇಡಿ ಮೇಡಂ. ಎರಡನೇದು ಒಳಗಿನ ಸಣ್ಣ ಗೇರ್‌ಗಳ ಎಣ್ಣೆ ಒಣಗಿ ಅಂಟಾಗಿರೋದು. ಹಿಂದಿನ ಬಾಗಿಲು ತೆಗೆದು ಫೋನಿನ ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿ ಎಷ್ಟು ಹೊತ್ತು ತೆರೆದಿರತ್ತೆ ಎಣಿಸಿ, 1/60ರಿಂದ ಮೇಲಿಂದು ಸರಿ ಇದ್ರೆ ಸದ್ಯಕ್ಕೆ ಅದ್ರಲ್ಲೇ ತೆಗೀತಾ ಇರಿ. ರಿಪೇರಿಯವ್ರು ಸಿಗೋವರೆಗೂ ಹೊಲಿಗೆ ಮಷಿನ್ ಎಣ್ಣೆ ಮಾತ್ರ ಬಿಡ್ಬೇಡಿ, ಅದು ಹರಿದು ಬ್ಲೇಡ್‌ಗೆ ತಾಗಿದ್ರೆ ಈಗ ಓಡ್ತಿರೋ ಸ್ಪೀಡ್‌ಗಳೂ ನಿಲ್ತವೆ.